ಪ್ರಶ್ನೋತ್ತರ: ಗಿಡ್ಡ ಕೋಳಿಗೆ ಯಾವ ಹೆಸರು ಸಲ್ಲುತ್ತದೆ?

ತಾರಸಿಯಲ್ಲೂ ಅಂಗಳದಲ್ಲೂ ಸಾಕಬಹುದಾದ ಪುಟ್ಟ ಕೋಳಿಗಳ ಬಗ್ಗೆ ಬಂದಿರುವ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದಾಗ, ಮೇವು ಮತ್ತು ರೋಗಗಳಿಗಿಂತ ಹೆಚ್ಚಾಗಿ ಹೆಸರುಗಳೇ ಓದುಗರನ್ನು ಕಾಡುತ್ತಿರುವುದು ಕಂಡಿತು. ಮುಂಬಯಿ, ಪುಣೆ, ಗೋವಾಗಳಲ್ಲಿ ಮಾರುವವನು ಹಿಂದಿಯಲ್ಲೋ ಮರಾಠಿಯಲ್ಲೋ ಕೊಂಕಣಿಯಲ್ಲೋ ಒಂದು ಹೆಸರು ಹೇಳಿ ಕೋಳಿ ಕೊಡುತ್ತಾನೆ. ಕೊಂಡವರು ಮನೆಗೆ ಬಂದು ಪುಸ್ತಕ ತೆರೆದರೆ ಅದೇ ಹೆಸರಿನ ಕೆಳಗೆ ಬೇರೊಂದು ಹಕ್ಕಿಯ ಚಿತ್ರವಿರುತ್ತದೆ. ಪುಣೆಯ ಧಾಯರಿಯಲ್ಲಿ 18 ವರ್ಷಗಳಿಂದ ಬ್ಯಾಂಟಮ್ ಸಾಕುತ್ತಿರುವ ನನಗೂ ಈ ಗೊಂದಲ ಹೊಸದಲ್ಲ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ತಳಿಯ ಹೆಸರಿಗೂ ಅದರ ಮಾನದಂಡಕ್ಕೂ, ಅಂದರೆ ಆ ತಳಿಯ ಹಕ್ಕಿ ಹೇಗಿರಬೇಕೆಂದು ಪುಸ್ತಕದಲ್ಲಿ ಬರೆದಿಟ್ಟ ನಿಯಮಗಳಿಗೂ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮುಂಬಯಿಯ ಪೇಟೆಯಲ್ಲಿ ‘ಬ್ಯಾಂಟಮ್’ ಎಂದು ಹೇಳಿ ಕೊಟ್ಟ ಒಂದು ಹುಂಜ, ಎರಡು ಹೇಂಟೆಗಳನ್ನು ತಂದಿದ್ದೇನೆ. ಇದು ಯಾವ ದೇಶದ ತಳಿ? ಇವುಗಳ ಸರಿಯಾದ ತೂಕ ಎಷ್ಟಿರಬೇಕು? (ಓದುಗರು, ಡೊಂಬಿವಲಿ)

ಉತ್ತರ: ಬ್ಯಾಂಟಮ್ ಎನ್ನುವುದು ತಳಿಯ ಹೆಸರಲ್ಲ, ಗಾತ್ರದ ಹೆಸರು. ನಮ್ಮ ಕಡೆ ಗಿಡ್ಡ ಎಂದರೆ ಕುಳ್ಳಗಿರುವ ಯಾವ ದನವೂ ಆಗಬಹುದು; ಆದರೆ ‘ಮಲೆನಾಡು ಗಿಡ್ಡ’ ಎಂದೊಡನೆ ಮೈಕಟ್ಟು, ಕೊಂಬು, ಸ್ವಭಾವ ಎಲ್ಲವೂ ನಿಶ್ಚಿತವಾದ ಒಂದು ತಳಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬ್ಯಾಂಟಮ್ ಎಂಬ ಮಾತು ಬರಿಯ ‘ಗಿಡ್ಡ’ ಎಂಬುದಕ್ಕೆ ಸಮ. ಅದರ ಜತೆಗೆ ಇನ್ನೊಂದು ಪದ ಸೇರದ ಹೊರತು ದೇಶವನ್ನಾಗಲಿ ತೂಕವನ್ನಾಗಲಿ ಹೇಳಲು ಬರುವುದಿಲ್ಲ.

ಆ ಮಾತು ಹುಟ್ಟಿದ್ದು ಜಾವಾ ದ್ವೀಪದ ಪಶ್ಚಿಮ ಭಾಗದಲ್ಲಿರುವ ಬಾಂಟೆನ್ ಎಂಬ ಬಂದರಿನಿಂದ. ಮೆಣಸಿನ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗುತ್ತಿದ್ದ ಯುರೋಪಿನ ನಾವಿಕರು ಹಡಗಿಗೆ ಏರಿಸಿಕೊಂಡ ಸಣ್ಣ ಕೋಳಿಗಳಿಗೆ ಬಂದರಿನ ಹೆಸರೇ ಅಂಟಿಕೊಂಡಿತು. ಮುಂದೆ ಅವು ಎಲ್ಲಿಂದ ಬಂದವು ಎಂಬುದನ್ನು ಮರೆತು, ಚಿಕ್ಕದಾಗಿರುವ ಎಲ್ಲ ಕೋಳಿಗಳಿಗೂ ಅದೇ ಹೆಸರು ರೂಢಿಯಾಯಿತು.

ಸಾಕುವವರು ಬ್ಯಾಂಟಮ್‌ಗಳಲ್ಲಿ ಎರಡು ಬಗೆ ಮಾಡುತ್ತಾರೆ. ಮೊದಲನೆಯದು ನಿಜ ಬ್ಯಾಂಟಮ್, ಅಂದರೆ ದೊಡ್ಡ ಗಾತ್ರದ ಜತೆಗಾರರೇ ಇಲ್ಲದ ತಳಿ. ಸೆಬ್ರೈಟ್, ರೋಸ್‌ಕೋಂಬ್, ಜಪಾನೀಸ್ ಬ್ಯಾಂಟಮ್, ಡಚ್ ಬ್ಯಾಂಟಮ್, ನಾಂಕಿನ್, ಸೆರಾಮ ಇವೆಲ್ಲ ಈ ಗುಂಪಿನವು. ಎರಡನೆಯದು ದೊಡ್ಡ ತಳಿಯೊಂದನ್ನು ತಲೆಮಾರುಗಟ್ಟಲೆ ಆರಿಸಿ ಆರಿಸಿ ಕಿರಿದು ಮಾಡಿದ್ದು. ಲೆಗ್‌ಹಾರ್ನ್, ವಯಾಂಡೊಟ್, ರೋಡ್ ಐಲೆಂಡ್ ರೆಡ್, ಬ್ರಹ್ಮ ಇವುಗಳಿಗೆಲ್ಲ ಕಿರುರೂಪಗಳಿವೆ, ಮತ್ತು ಅವು ಸಾಮಾನ್ಯವಾಗಿ ದೊಡ್ಡವುಗಳ ನಾಲ್ಕನೆಯ ಅಥವಾ ಐದನೆಯ ಒಂದು ಭಾಗದಷ್ಟು ತೂಗುತ್ತವೆ. ಹೀಗಾಗಿ ಸೆಬ್ರೈಟ್ ಹುಂಜವೊಂದು 620 ಗ್ರಾಂ ತೂಗಿದರೆ ಸರಿ. ಅದೇ ತೂಕದ ಬ್ರಹ್ಮ ಬ್ಯಾಂಟಮ್ ಹುಂಜ ಸೊರಗಿದೆ ಎಂದೇ ಅರ್ಥ.

ನಿಮ್ಮ ಕೋಳಿಗಳಿಗೆ ಹೆಸರು ಹುಡುಕಬೇಕಿದ್ದರೆ ಬಣ್ಣವನ್ನು ಕೊನೆಗೆ ನೋಡಿ. ಮೊದಲು ಜುಟ್ಟು ಒಂದೇ ಸಾಲು ಹಲ್ಲಿನ ಗರಗಸದಂತಿದೆಯೋ (ಇದೇ ಒಂಟಿ ಜುಟ್ಟು), ಚಪ್ಪಟೆಯಾಗಿ ಹಿಂದಕ್ಕೆ ಚೂಪಾಗಿದೆಯೋ, ಅಕ್ರೋಟಿನಂತೆ ಮುದ್ದೆಯಾಗಿದೆಯೋ ನೋಡಿ. ಆಮೇಲೆ ಕಿವಿಯ ಹಾಲೆ ಕೆಂಪೋ ಬಿಳಿಯೋ, ಕಾಲಿನ ಚರ್ಮದ ಬಣ್ಣ ಯಾವುದು, ಬೆರಳು ನಾಲ್ಕೋ ಐದೋ, ಕಾಲಿನ ಮೇಲೆ ಗರಿ ಇದೆಯೋ ಇಲ್ಲವೋ, ಬಾಲ ಬೆನ್ನಿಗೆ ಎಷ್ಟು ಕೋನದಲ್ಲಿ ನಿಂತಿದೆ ಎಂಬುದನ್ನು ಬರೆದುಕೊಳ್ಳಿ. ಈ ಆರು ಸಂಗತಿಗಳು ಯಾವುದಾದರೂ ಒಂದು ತಳಿಯ ವಿವರಣೆಗೆ ಒಟ್ಟಾಗಿ ಹೊಂದಿದರೆ ಆ ಹೆಸರು ಕೊಡಬಹುದು. ಮೂರು ಒಂದಕ್ಕೆ, ಮೂರು ಇನ್ನೊಂದಕ್ಕೆ ಹೊಂದಿದರೆ ಅದು ಮಿಶ್ರ ಬ್ಯಾಂಟಮ್. ಹಾಗೆ ಬರೆದುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕಾವು ಕೂರುವುದರಲ್ಲಿಯೂ ಮರಿಗಳನ್ನು ಸಲಹುವುದರಲ್ಲಿಯೂ ನನ್ನ ಮನೆಯ ಮಿಶ್ರ ಹೇಂಟೆಗಳನ್ನು ಮೀರಿಸುವ ತಾಯಂದಿರನ್ನು ನಾನು ಕಂಡಿಲ್ಲ. ಆದರೆ ಮಿಶ್ರವನ್ನು ತಳಿಯ ಹೆಸರಿನಲ್ಲಿ ಇನ್ನೊಬ್ಬರಿಗೆ ಕೊಡುವುದು ತಪ್ಪು.

ಪ್ರಶ್ನೆ: ಕೊಚಿನ್ ಕೋಳಿ ಕೇರಳದ ಕೊಚ್ಚಿಯದು, ಬ್ರಹ್ಮ ಕೋಳಿ ಬ್ರಹ್ಮಪುತ್ರ ಕಣಿವೆಯದು ಎಂದು ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಪರಿಚಯದವರೊಬ್ಬರು ಹೇಳಿದರು. ಹಾಗಾದರೆ ಇವು ದೇಶಿ ತಳಿಗಳೇ? ಇನ್ನೂ ಒಂದು: ಒಂದೇ ಕೋಳಿಯನ್ನು ಒಬ್ಬರು ಪೆಕಿನ್, ಇನ್ನೊಬ್ಬರು ಕೊಚಿನ್ ಬ್ಯಾಂಟಮ್ ಎನ್ನುವುದೇಕೆ? (ಓದುಗರು, ವಾಸ್ಕೋ)

ಉತ್ತರ: ಎರಡೂ ದೇಶಿ ತಳಿಗಳಲ್ಲ. ಹೆಸರಿನ ಊರನ್ನು ನಂಬಿ ಕೋಳಿಯ ಊರನ್ನು ಹೇಳಹೊರಟರೆ ಹತ್ತರಲ್ಲಿ ಐದು ಬಾರಿಯಾದರೂ ತಪ್ಪುತ್ತೇವೆ.

ಕೊಚಿನ್ ಬಂದದ್ದು ಚೀನಾದಿಂದ. 1840ರ ದಶಕದಲ್ಲಿ, ಚೀನಾದ ಬಂದರುಗಳು ಪಾಶ್ಚಾತ್ಯ ಹಡಗುಗಳಿಗೆ ತೆರೆದ ಮೇಲೆ, ಭಾರಿ ಮೈಯ, ಕಾಲಿನ ತುದಿಯವರೆಗೆ ಗರಿ ತುಂಬಿದ ಕೋಳಿಗಳು ಇಂಗ್ಲೆಂಡಿಗೂ ಅಮೆರಿಕಕ್ಕೂ ತಲುಪಿದವು. ಇಂಗ್ಲೆಂಡಿನಲ್ಲಿ ಅವುಗಳನ್ನು ‘ಕೊಚಿನ್ ಚೈನಾ’ ಎಂದರು. ಅದು ಆಗ ಇಂದಿನ ವಿಯೆಟ್ನಾಮಿನ ದಕ್ಷಿಣ ಭಾಗಕ್ಕೆ ಇದ್ದ ಹೆಸರೇ ಹೊರತು ನಮ್ಮ ಕೊಚ್ಚಿಯದಲ್ಲ. ಅಮೆರಿಕದವರು ಇಂಥ ಹಕ್ಕಿಗಳನ್ನೇ ಶಾಂಘೈ ಎಂದೂ ಕರೆಯುತ್ತಿದ್ದರು. ವಿಕ್ಟೋರಿಯಾ ರಾಣಿಯ ಕೋಳಿಮನೆಗೂ ಇವು ಸೇರಿದ್ದರಿಂದ ಜನರಲ್ಲಿ ಎಂಥ ಮರುಳು ಹತ್ತಿತೆಂದರೆ, ಕೋಳಿಯೊಂದಕ್ಕೆ ಕುದುರೆಯ ಬೆಲೆ ಕೊಟ್ಟವರಿದ್ದರು.

ಬ್ರಹ್ಮದ ಕಥೆ ಇನ್ನೂ ಸಿಕ್ಕುಸಿಕ್ಕಾಗಿದೆ. ಈ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ, ಶಾಂಘೈಯಿಂದ ಬಂದ ಹಕ್ಕಿಗಳಿಂದ. ಬಂಗಾಳದ ಚಟ್ಟಗ್ರಾಮದ ಎತ್ತರದ ಕೋಳಿಯ ರಕ್ತವೂ ಅದರಲ್ಲಿ ಸೇರಿರಬೇಕೆಂದು ಅದರ ಬಟಾಣಿಯಾಕಾರದ ಜುಟ್ಟನ್ನು ನೋಡಿದವರು ಹೇಳುತ್ತಾರೆ. ಜಾರ್ಜ್ ಬರ್ನ್‌ಹ್ಯಾಮ್ ಎಂಬ ಅಮೆರಿಕದ ವ್ಯಾಪಾರಿ 1852ರಲ್ಲಿ ಇಂತಹ ಒಂಬತ್ತು ಹಕ್ಕಿಗಳನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಕಳುಹಿಸಿದಾಗ ಕೊಟ್ಟ ಹೆಸರು ‘ಬೂದು ಶಾಂಘೈ’. ‘ಬ್ರಹ್ಮಪೂತ್ರ’ ಎಂಬ ಹೆಸರು ಬಳಸಿದವರು ಬೇರೆ ಸಾಕಣೆಗಾರರು. ಕಾಲಕ್ರಮದಲ್ಲಿ ‘ಪೂತ್ರ’ ಬಿದ್ದುಹೋಗಿ ಬ್ರಹ್ಮ ಉಳಿಯಿತು. ನಮ್ಮ ಕಿವಿಗೆ ಅದು ಚತುರ್ಮುಖನ ಹೆಸರಾಗಿ ಕೇಳಿಸುವುದರಿಂದ ನಮ್ಮದೇ ಎನ್ನಿಸುವುದು ಸಹಜ. ಇದೇ ರೀತಿ, ತಲೆಯ ಮೇಲೆ ಗರಿಯ ಟೋಪಿಯಿರುವ, ನಮ್ಮ ಪೇಟೆಗಳಲ್ಲಿ ‘ಪೋಲಿಷ್ ಕ್ಯಾಪ್’ ಎಂದು ಮಾರುವ ಕೋಳಿಗೆ ಪೋಲೆಂಡಿನೊಡನೆ ಸಂಬಂಧವಿದೆ ಎನ್ನಲು ಆಧಾರವಿಲ್ಲ.

ಇನ್ನು ಪೆಕಿನ್. ಚೆಂಡಿನಂತೆ ದುಂಡಗಿನ, ನೆಲ ಮುಟ್ಟುವ ಗರಿಗಳ ಈ ಪುಟ್ಟ ಹಕ್ಕಿಯನ್ನು 1860ರಲ್ಲಿ ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಲೂಟಿ ಮಾಡಿದ ಸೈನಿಕರು ಇಂಗ್ಲೆಂಡಿಗೆ ತಂದರೆಂಬ ಐತಿಹ್ಯವಿದೆ. ಬ್ರಿಟನ್ನಿನವರು ಇದನ್ನು ದೊಡ್ಡ ಕೊಚಿನ್‌ಗೆ ಸಂಬಂಧವಿಲ್ಲದ ನಿಜ ಬ್ಯಾಂಟಮ್ ಎಂದು ಎಣಿಸಿ ಪೆಕಿನ್ ಎನ್ನುತ್ತಾರೆ. ಅಮೆರಿಕದವರೂ ಯುರೋಪಿನ ಹಲವು ದೇಶಗಳವರೂ ಇದನ್ನು ಕೊಚಿನ್‌ನ ಕಿರುರೂಪವೆಂದು ಎಣಿಸುತ್ತಾರೆ. ಇದು ಬರಿಯ ಹೆಸರಿನ ಜಗಳವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ರಿಟಿಷ್ ಮಾನದಂಡದಲ್ಲಿ ಪೆಕಿನ್ ಹುಂಜ 680 ಗ್ರಾಂ, ಹೇಂಟೆ 570 ಗ್ರಾಂ ಮೀರಬಾರದು. ತಲೆ ಬಾಲಕ್ಕಿಂತ ತಗ್ಗಿನಲ್ಲಿದ್ದು ಮೈ ಮುಂದಕ್ಕೆ ಬಾಗಿದಂತೆ ಇರಬೇಕು. ಅಮೆರಿಕದ ಕೊಚಿನ್ ಬ್ಯಾಂಟಮ್ ಹುಂಜ ಸುಮಾರು 900 ಗ್ರಾಂ, ಹೇಂಟೆ ಸುಮಾರು 800 ಗ್ರಾಂ ತೂಗಬಹುದು. ಹೀಗೆ ಎರಡು ದೇಶಗಳವರು ಒಂದೂವರೆ ಶತಮಾನ ಬೇರೆ ಬೇರೆ ಗುರಿಯಿಟ್ಟು ಆರಿಸಿದ್ದರಿಂದ, ಒಂದೇ ಮೂಲದ ಹಕ್ಕಿ ಎರಡು ಆಕಾರಗಳಾಗಿ ಕವಲೊಡೆಯುತ್ತಿದೆ. ನಮ್ಮಲ್ಲಿ ಬರಿದೇ ‘ಪೆಕಿನ್’ ಎಂದರೆ ಬಿಳಿಯ ಪೆಕಿನ್ ಬಾತುಕೋಳಿ ಎಂದು ತಿಳಿಯುವವರೇ ಹೆಚ್ಚು, ಆದ್ದರಿಂದ ನಾನು ‘ಪೆಕಿನ್ ಬ್ಯಾಂಟಮ್’ ಎಂದು ಪೂರ್ತಿಯಾಗಿ ಹೇಳುತ್ತೇನೆ, ಮತ್ತು ಕೊಳ್ಳುವವರಿಗೆ ‘ಯಾವ ದೇಶದ ಮಾನದಂಡಕ್ಕೆ ಬೆಳೆಸಿದ್ದು’ ಎಂದು ಕೇಳಿರೆಂದು ಸಲಹೆ ಕೊಡುತ್ತೇನೆ. ಮಾರುವವನಿಗೆ ಈ ಪ್ರಶ್ನೆ ಅರ್ಥವಾಗದಿದ್ದರೆ ಅವನು ಹೇಳುವ ಹೆಸರಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಮಾನದಂಡ ಎಂಬ ಪುಸ್ತಕ ಎಲ್ಲಿಂದ ಬಂತೆಂದು ಕೆಲವರು ಕೇಳಿದ್ದಾರೆ. ಮೊದಲನೆಯದು ಬ್ರಿಟನ್ನಿನಲ್ಲಿ 1865ರಲ್ಲಿ ಅಚ್ಚಾಯಿತು. ಅಮೆರಿಕದ ಕೋಳಿ ಸಾಕಣೆಗಾರರ ಸಂಘ 1873ರಲ್ಲಿ ಹುಟ್ಟಿ, ಮರುವರ್ಷವೇ ತನ್ನ ಪುಸ್ತಕ ತಂದಿತು. ಜುಟ್ಟಿಗೆ ಇಷ್ಟು, ಬಾಲಕ್ಕೆ ಇಷ್ಟು, ಬಣ್ಣಕ್ಕೆ ಇಷ್ಟು ಎಂದು ಒಟ್ಟು 100 ಅಂಕಗಳನ್ನು ಹಂಚುವ ಪದ್ಧತಿ ಆ ಕಾಲದಿಂದ ಬಂದದ್ದು.

ಪ್ರಶ್ನೆ: ಸೆಬ್ರೈಟ್ ಜೋಡಿ ಎಂದು ಹೇಳಿ ಕೊಟ್ಟವರು ಎರಡು ಹೇಂಟೆಗಳನ್ನೇ ಕೊಟ್ಟಂತಿದೆ. ‘ಹುಂಜ’ಕ್ಕೆ ಉದ್ದ ಬಾಲವಿಲ್ಲ, ಕುತ್ತಿಗೆಯ ಗರಿಗಳು ದುಂಡಗಿವೆ. ಆದರೆ ಬೆಳಿಗ್ಗೆ ಕೂಗುತ್ತದೆ. (ಓದುಗರು, ಠಾಣೆ)

ಉತ್ತರ: ಕೂಗುವುದಾದರೆ ಅದು ಹುಂಜವೇ, ಮತ್ತು ನಿಮಗೆ ಮೋಸವಾಗಿಲ್ಲ. ಸೆಬ್ರೈಟ್ ಹುಂಜ ಹೇಂಟೆಯ ಗರಿಗಳನ್ನೇ ತೊಟ್ಟಿರಬೇಕು ಎಂಬುದು ಆ ತಳಿಯ ಮಾನದಂಡದ ಮುಖ್ಯ ನಿಯಮ. ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಗರಿಗಳಾಗಲಿ, ಕುತ್ತಿಗೆಯಲ್ಲಿ ಮೊನಚಾದ ಗರಿಗಳಾಗಲಿ ಕಂಡರೆ ಅದೇ ದೋಷ. ಗಂಡು ಹಕ್ಕಿಯ ಚರ್ಮದಲ್ಲಿಯೇ ಗಂಡು ಹಾರ್ಮೋನು ಹೆಣ್ಣು ಹಾರ್ಮೋನಾಗಿ ಮಾರ್ಪಡುವುದರಿಂದ ಗರಿಗಳು ಹೆಣ್ಣಿನವುಗಳಂತೆ ಬೆಳೆಯುತ್ತವೆ. ಇಂಗ್ಲೆಂಡಿನ ಸರ್ ಜಾನ್ ಸೆಬ್ರೈಟ್ 1800ರ ಸುಮಾರಿಗೆ ಈ ಕೆಲಸ ಆರಂಭಿಸಿ, ಪ್ರತಿ ಗರಿಯ ಅಂಚಿಗೂ ಕಾಡಿಗೆ ಎಳೆದಂತೆ ಕಪ್ಪು ಗೆರೆ ಬರುವ ಈ ಹಕ್ಕಿಯನ್ನು ರೂಪಿಸಲು ದಶಕಗಳನ್ನೇ ಕಳೆದರು. ಒಬ್ಬ ವ್ಯಕ್ತಿಯ ಹೆಸರು ಹೊತ್ತ ಕೋಳಿ ತಳಿಗಳು ಬಹಳವಿಲ್ಲ. ಇದಕ್ಕೆ ಆ ಗೌರವ ಸಲ್ಲುತ್ತದೆ. ಒಂದು ಎಚ್ಚರಿಕೆ: ಪೂರ್ತಿ ಹೇಂಟೆಗರಿಯ ಹುಂಜಗಳಲ್ಲಿ ಫಲವತ್ತತೆ ಕಡಿಮೆಯಿರುವುದುಂಟು. ಅದಕ್ಕಾಗಿಯೇ ಅನುಭವಿಗಳು ಬಾಲದ ಗರಿ ತುಸು ಉದ್ದವಿರುವ, ಪ್ರದರ್ಶನಕ್ಕೆ ಸಲ್ಲದ ಹುಂಜವೊಂದನ್ನು ಮರಿ ಮಾಡಿಸಲೆಂದೇ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ‘ಮಿಲ್ಲಿ’ ತಳಿಯ ಕೋಳಿ ಎಂದು ಕಿತ್ತಳೆ ಮೈಮೇಲೆ ಬಿಳಿಯ ಚುಕ್ಕೆಗಳಿರುವ ಹುಂಜವನ್ನು ಕೊಂಡು, ಮನೆಯಲ್ಲಿದ್ದ ಕಪ್ಪು ಕೊಚಿನ್ ಬ್ಯಾಂಟಮ್ ಹೇಂಟೆಗೆ ಬಿಟ್ಟೆ. ಹುಟ್ಟಿದ ಮರಿಗಳಲ್ಲಿ ಒಂದಕ್ಕೂ ಚುಕ್ಕೆಯಿಲ್ಲ. ಕೊಂಡ ಹುಂಜ ನಕಲಿಯೇ? (ಓದುಗರು, ಪಿಂಪ್ರಿ-ಚಿಂಚ್‌ವಡ್)

ಉತ್ತರ: ಹುಂಜ ನಕಲಿಯಲ್ಲ, ಹೆಸರು ಅರೆಬರೆ. ಮಿಲ್ ಫ್ಲೂರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಸಾವಿರ ಹೂವು. ಅದು ಬಣ್ಣದ ವಿನ್ಯಾಸದ ಹೆಸರು. ಕಿತ್ತಳೆ ಗರಿ, ಅದರ ತುದಿಯ ಬಳಿ ಕಪ್ಪು ಪಟ್ಟಿ, ಕಟ್ಟಕಡೆಗೆ ಮುತ್ತಿನಂತಹ ಬಿಳಿ ಚುಕ್ಕೆ. ಈ ವಿನ್ಯಾಸ ಹಲವು ತಳಿಗಳಲ್ಲಿದೆ. ನಮ್ಮ ಪೇಟೆಗಳಲ್ಲಿ ಅದನ್ನು ಮೊಟಕುಗೊಳಿಸಿ ಮಿಲ್ಲಿ ಎನ್ನುವವರು ಸಾಮಾನ್ಯವಾಗಿ ತೋರಿಸುವುದು ಬಾರ್ಬು ಡ್ಯುಕ್ಲ್ ಎಂಬ ಬೆಲ್ಜಿಯಂ ತಳಿಯನ್ನು. ಬ್ರಸೆಲ್ಸ್ ಬಳಿಯ ಉಕ್ಲ್ ಎಂಬ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮೈಕೆಲ್ ವಾನ್ ಗೆಲ್ಡರ್ ರೂಪಿಸಿದ ಈ ಹಕ್ಕಿಗೆ ಗಲ್ಲದ ಕೆಳಗೆ ಗರಿಯ ಗಡ್ಡ, ಒಂಟಿ ಜುಟ್ಟು, ಗರಿ ತುಂಬಿದ ಕಾಲು ಇರಬೇಕು. ಗಡ್ಡವಿಲ್ಲದಿದ್ದರೆ ಅದು ಬೂಟೆಡ್ ಬ್ಯಾಂಟಮ್ ಆಗಿರಬಹುದು. ಆದ್ದರಿಂದ ನಿಮ್ಮ ಹುಂಜದ ಗಲ್ಲವನ್ನು ಮೊದಲು ನೋಡಿ.

ಚುಕ್ಕೆ ಬಾರದಿರುವುದಕ್ಕೆ ಕಾರಣ ಸರಳ. ಚುಕ್ಕೆಯ ಗುಣ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಮೈಮೇಲೆ ತೋರುತ್ತದೆ. ಒಬ್ಬರಿಂದ ಬಂದರೆ ಒಳಗೆ ಅಡಗಿರುತ್ತದೆ. ನಿಮ್ಮ ಮರಿಗಳೆಲ್ಲವೂ ಅದನ್ನು ಅಡಗಿಸಿಕೊಂಡಿವೆ. ಇನ್ನೊಂದು ಸಂಗತಿಯೂ ನೆನಪಿರಲಿ: ಶುದ್ಧ ಜೋಡಿಯ ಮರಿಗಳಲ್ಲಿ ಕೂಡ ಮೊದಲ ವರ್ಷ ಚುಕ್ಕೆ ಅಸ್ತವ್ಯಸ್ತವಾಗಿದ್ದು, ಗರಿ ಉದುರಿ ಹೊಸದು ಬಂದ ಮೇಲೆ ನೆಲೆಗೊಳ್ಳುತ್ತದೆ, ವಯಸ್ಸಾದಂತೆ ಬಿಳಿ ಹೆಚ್ಚುತ್ತಾ ಹೋಗುತ್ತದೆ. ಆರು ತಿಂಗಳ ಮರಿಯನ್ನು ಚುಕ್ಕೆ ನೋಡಿ ತಿರಸ್ಕರಿಸಬೇಡಿ.

ನೀವು ಮಾಡಿರುವ ಜೋಡಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಡ್ಯುಕ್ಲ್ ಹಕ್ಕಿಯ ಮೊಣಗಂಟಿನಿಂದ ಹಿಂದಕ್ಕೆ ಚಾಚಿದ ಗಡುಸು ಗರಿಗಳು ಇರಲೇಬೇಕು ಎನ್ನುತ್ತದೆ ಅದರ ಮಾನದಂಡ. ಕೊಚಿನ್‌ನಲ್ಲಿ ಅವೇ ಗರಿಗಳು ಕಂಡರೆ ದೋಷ. ಅಲ್ಲಿ ಎಲ್ಲವೂ ಮೆತ್ತಗೆ, ದುಂಡಗೆ ಇರಬೇಕು. ಎರಡನ್ನೂ ಬೆರೆಸಿದರೆ ಹುಟ್ಟುವ ಹಕ್ಕಿಗೆ ಒಂದರ ಗುಣ ಇನ್ನೊಂದರ ದೋಷವಾಗುತ್ತದೆ, ಮತ್ತು ಅದನ್ನು ತಿದ್ದಲು ನಾಲ್ಕೈದು ತಲೆಮಾರು ಬೇಕು.

ಪ್ರಶ್ನೆ: ಕಪ್ಪು ಚರ್ಮದ ಸಿಲ್ಕಿಯನ್ನು ‘ಕಡಕನಾಥ್ ಬ್ಯಾಂಟಮ್’ ಎನ್ನಬಹುದೇ? (ಓದುಗರು, ಫೋಂಡಾ)

ಉತ್ತರ: ಎನ್ನಬಾರದು. ಕಡಕನಾಥ್ ಮಧ್ಯಪ್ರದೇಶದ ಝಾಬುವಾ ಸೀಮೆಯ ತಳಿ. ಝಾಬುವಾದ ಕಡಕನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದಕ್ಕೆ ಸಾಮಾನ್ಯ ಗರಿ, ಒಂಟಿ ಜುಟ್ಟು, ನಾಲ್ಕು ಬೆರಳು. ಸಿಲ್ಕಿ ಚೀನಾದ ಕಡೆಯದು. ಅದರ ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳದೆ ರೇಷ್ಮೆಯಂತೆ ಬಿಡಿಬಿಡಿಯಾಗಿರುತ್ತವೆ, ಜುಟ್ಟು ಅಕ್ರೋಟಿನಂತೆ, ತಲೆಗೆ ಗರಿಯ ಗೊಂಚಲು, ಕಾಲಿಗೆ ಐದು ಬೆರಳು. ಚರ್ಮ, ಎಲುಬುಗಳನ್ನೆಲ್ಲ ಕಪ್ಪಾಗಿಸುವ ಒಂದೇ ಆನುವಂಶಿಕ ಮಾರ್ಪಾಡು ಇವೆರಡರಲ್ಲಿಯೂ ಇದೆ ಎಂಬುದು ನಿಜ, ಆದರೆ ಒಂದು ಗುಣ ಸಮಾನವಾದ ಮಾತ್ರಕ್ಕೆ ತಳಿ ಒಂದಾಗುವುದಿಲ್ಲ. ಅಂದಹಾಗೆ ಸಿಲ್ಕಿಯನ್ನು ಬ್ಯಾಂಟಮ್ ಎನ್ನುವುದೂ ದೇಶವನ್ನು ಅವಲಂಬಿಸಿದೆ. ಅಮೆರಿಕದ ಪುಸ್ತಕದಲ್ಲಿ ಅದು ಬ್ಯಾಂಟಮ್, ಹುಂಜ ಸುಮಾರು ಒಂದು ಕಿಲೋ. ಬ್ರಿಟನ್ನಿನಲ್ಲಿ ಅದು ದೊಡ್ಡ ಕೋಳಿಗಳ ಸಾಲಿನದು, ಹುಂಜ 1.8 ಕಿಲೋ, ಅಲ್ಲಿ ಸಿಲ್ಕಿ ಬ್ಯಾಂಟಮ್ ಎಂದರೆ 600 ಗ್ರಾಮಿನ ಬೇರೆಯೇ ಹಕ್ಕಿ.

ಪ್ರಶ್ನೆ: ಗುಂಗುರು ಗರಿಯ ಫ್ರಿಝಲ್ ಜೋಡಿಯಿಂದ ಮರಿ ಮಾಡಿಸಿದೆ. ಕೆಲವು ಮರಿಗಳ ಗರಿ ಉದುರಿ ಮೈ ಬೋಳಾಗಿದೆ. ಪಕ್ಕದ ಮನೆಯವರ ಗಿಡ್ಡಗಾಲಿನ ಜಪಾನೀಸ್ ಬ್ಯಾಂಟಮ್ ಮೊಟ್ಟೆಗಳು ಪ್ರತಿ ಸಲವೂ ಕೆಲವು ಒಡೆಯದೆ ಉಳಿಯುತ್ತವೆ. ಇದು ರೋಗವೇ? (ಓದುಗರು, ಕಲ್ಯಾಣ್)

ಉತ್ತರ: ಎರಡೂ ರೋಗವಲ್ಲ, ಜೋಡಿ ಕೂಡಿಸುವುದರಲ್ಲಿ ಆದ ತಪ್ಪು. ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಇಲ್ಲಿ ಹೆಸರಿನ ಅಜ್ಞಾನದ ನೋವನ್ನು ಉಣ್ಣುವುದು ನಾವಲ್ಲ, ಹಕ್ಕಿ.

ಫ್ರಿಝಲ್ ಗುಣ ಅಪ್ಪನಿಂದಲೋ ಅಮ್ಮನಿಂದಲೋ ಒಂದು ಪಾಲು ಬಂದರೆ ಗರಿ ಚೆಂದವಾಗಿ ಹೊರಕ್ಕೆ ಸುರುಳಿಯಾಗುತ್ತದೆ. ಇಬ್ಬರಿಂದಲೂ ಬಂದು ಎರಡು ಪಾಲಾದರೆ ಗರಿಯ ಕಾಂಡವೇ ದುರ್ಬಲವಾಗಿ, ಮುಟ್ಟಿದರೆ ಮುರಿದು ಉದುರುತ್ತದೆ. ಎರಡು ಫ್ರಿಝಲ್‌ಗಳನ್ನು ಜೋಡಿ ಮಾಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಹೀಗಾಗುತ್ತದೆ, ಎರಡು ಫ್ರಿಝಲ್ ಆಗುತ್ತವೆ, ಒಂದು ನಯವಾದ ಗರಿಯದಾಗುತ್ತದೆ. ಆರಂಭದ ದಿನಗಳಲ್ಲಿ, ‘ಶುದ್ಧ ಫ್ರಿಝಲ್ ಬೇಕಾದರೆ ಎರಡೂ ಫ್ರಿಝಲ್ ಇರಲಿ’ ಎಂದು ಮಾರಾಟಗಾರರೊಬ್ಬರು ಕೊಟ್ಟ ಮಾತನ್ನು ನಂಬಿ ನಾನೂ ಇದೇ ತಪ್ಪು ಮಾಡಿದೆ. 11 ಮರಿಗಳಲ್ಲಿ 3 ಬೋಳಾದವು. ಪುಣೆಯ ಜುಲೈ ತಿಂಗಳ ಥಂಡಿಯಲ್ಲಿ ಅವುಗಳನ್ನು ಬಲ್ಬಿನ ಕೆಳಗಿಟ್ಟು, ಮನೆಯವರೆಲ್ಲ ಸರದಿಯಂತೆ ಎದ್ದು ನೋಡಿಕೊಂಡರೂ ಒಂದೇ ಉಳಿಯಿತು, ಅದೂ ಜೀವಮಾನವಿಡೀ ನಡುಗುತ್ತಲೇ ಇತ್ತು. ಆ ಮೇಲೆ ಫ್ರಿಝಲ್‌ಗೆ ಯಾವಾಗಲೂ ಅದೇ ತಳಿಯ ನಯಗರಿಯ ಜತೆಯನ್ನೇ ಕೊಟ್ಟಿದ್ದೇನೆ. ಅರ್ಧ ಮರಿಗಳು ಫ್ರಿಝಲ್, ಅರ್ಧ ನಯಗರಿ, ಬೋಳಾದದ್ದು ಒಂದೂ ಇಲ್ಲ. ಇಲ್ಲಿಯೂ ಹೆಸರು ದಾರಿ ತಪ್ಪಿಸುತ್ತದೆ ಎಂಬುದನ್ನು ಗಮನಿಸಿ. ಬ್ರಿಟನ್ನಿನಲ್ಲಿ ಫ್ರಿಝಲ್ ಒಂದು ತಳಿ. ಅಮೆರಿಕದಲ್ಲಿ ಅದು ಯಾವ ತಳಿಯಲ್ಲಿಯೂ ಬರಬಹುದಾದ ಗರಿಯ ಗುಣ. ತಳಿ ಎಂದು ಕೇಳಿದವರು ಒಂದೇ ತಳಿಯ ಎರಡನ್ನು ಜೋಡಿ ಮಾಡಬೇಕೆಂದು ಸಹಜವಾಗಿ ಭಾವಿಸುತ್ತಾರೆ; ಗುಣ ಎಂದು ಅರಿತವರು ಹಾಗೆ ಮಾಡುವುದಿಲ್ಲ.

ಜಪಾನೀಸ್ ಬ್ಯಾಂಟಮ್‌ನ ಗಿಡ್ಡ ಕಾಲಿನದು ಇನ್ನೂ ಕಠಿಣವಾದ ಲೆಕ್ಕ. ಜಪಾನಿನಲ್ಲಿ ಚಾಬೊ ಎಂದು ಕರೆಯುವ ಈ ಹಕ್ಕಿಯ ಹೊಟ್ಟೆ ನೆಲಕ್ಕೆ ತಾಗುವಂತಿರಬೇಕು, ಬಾಲ ನೆಟ್ಟಗೆ ತಲೆಗಿಂತ ಎತ್ತರ ನಿಲ್ಲಬೇಕು ಎನ್ನುತ್ತದೆ ಮಾನದಂಡ. ಕಾಲನ್ನು ಕುಗ್ಗಿಸುವ ಗುಣ ಒಂದು ಪಾಲು ಬಂದರೆ ಗಿಡ್ಡಗಾಲು. ಎರಡು ಪಾಲು ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಆದ್ದರಿಂದ ಗಿಡ್ಡಗಾಲಿನ ಜೋಡಿಯ ಮೊಟ್ಟೆಗಳಲ್ಲಿ ನಾಲ್ಕನೆಯ ಒಂದು ಭಾಗ ಒಡೆಯುವುದೇ ಇಲ್ಲ, ಇನ್ನೊಂದು ನಾಲ್ಕನೆಯ ಭಾಗ ಉದ್ದಗಾಲಿನವಾಗಿ ಹುಟ್ಟುತ್ತವೆ. ಆ ಉದ್ದಗಾಲಿನ ಮರಿಗಳನ್ನು ‘ಬೆರಕೆ’ ಎಂದು ಬಿಸಾಡುವವರಿದ್ದಾರೆ. ಅವು ಬೆರಕೆಯಲ್ಲ. ಅವುಗಳನ್ನು ಉಳಿಸಿಕೊಂಡು ಗಿಡ್ಡಗಾಲಿನವುಗಳ ಜತೆ ಕೂಡಿಸಿದರೆ ಅರ್ಧ ಮರಿಗಳು ಮಾನದಂಡಕ್ಕೆ ತಕ್ಕ ಗಿಡ್ಡಗಾಲಿನವೇ ಆಗುತ್ತವೆ, ಈ ಕಾರಣಕ್ಕಾಗಿ ಮೊಟ್ಟೆಯಲ್ಲಿ ಸಾಯುವುದು ಒಂದೂ ಇರುವುದಿಲ್ಲ. ಪ್ರದರ್ಶನದ ಪಂಜರದಲ್ಲಿ ಎಂದೂ ನಿಲ್ಲದ ಹಕ್ಕಿಯೇ ತಳಿಯನ್ನು ಕಾಯುತ್ತದೆ ಎಂಬುದನ್ನು ಪಕ್ಕದ ಮನೆಯವರಿಗೆ ದಯವಿಟ್ಟು ತಿಳಿಸಿ.

ಮಾನದಂಡದ ಪುಸ್ತಕಗಳನ್ನು ನಾನು ಗೌರವಿಸುತ್ತೇನೆ. ಆದರೆ ಹಕ್ಕಿ ಹೇಗೆ ಕಾಣಬೇಕೆಂದು ಅವು ಹೇಳುವಷ್ಟು ಸ್ಪಷ್ಟವಾಗಿ, ಯಾವುದನ್ನು ಯಾವುದರ ಜತೆ ಕೂಡಿಸಬಾರದೆಂದು ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಶ್ನೆ: ಸೆರಾಮ ಎಂಬ ಹೆಸರಿನ ಅರ್ಥವೇನು? ನನ್ನ ಸೆರಾಮ ಜೋಡಿಯ ಮರಿಗಳು ತಂದೆ ತಾಯಿಗಿಂತ ದೊಡ್ಡದಾಗಿವೆ. (ಓದುಗರು, ಕೋಥರೂಡ್, ಪುಣೆ)

ಉತ್ತರ: ಅದು ಶ್ರೀರಾಮ ಎಂಬುದರ ರೂಪ. ಮಲೇಷ್ಯಾದ ಕೆಲಾಂಟನ್ ಪ್ರಾಂತ್ಯದಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ಹಕ್ಕಿಗೆ, ಅದರ ಎದೆಯುಬ್ಬಿಸಿ ನಿಲ್ಲುವ ಭಂಗಿಗೆ ತಕ್ಕಂತೆ ರಾಜನ ಹೆಸರಿಟ್ಟರು. ತೂಕ ಸಾಮಾನ್ಯವಾಗಿ 500 ಗ್ರಾಮಿನೊಳಗೆ. ಈ ತಳಿಯಲ್ಲಿ ಗಾತ್ರ ಇನ್ನೂ ಪೂರ್ತಿ ನೆಲೆಗೊಂಡಿಲ್ಲ. ಒಂದೇ ಕಾವಿನಲ್ಲಿ ಸಣ್ಣದೂ ದೊಡ್ಡದೂ ಹುಟ್ಟುವುದು ಸಾಮಾನ್ಯ. ದೊಡ್ಡ ಹೇಂಟೆಗಳನ್ನು ಮಾರಿಬಿಡಬೇಡಿ, ಮೊಟ್ಟೆಗೂ ಕಾವಿಗೂ ಅವೇ ಒಳ್ಳೆಯವು.

ಪ್ರಶ್ನೆ: ನಮ್ಮ ಅಜ್ಜ ಊರಿನಲ್ಲಿ ಹುಂಜಗಳನ್ನು ಬಣ್ಣ ನೋಡಿ ಬೊಳ್ಳೆ, ಕಕ್ಕೆ, ನೀಲೆ ಎಂದು ತುಳುವಿನಲ್ಲಿ ಕರೆಯುತ್ತಿದ್ದರು. ಬಣ್ಣ ತಳಿಯಲ್ಲ ಎಂದು ನೀವು ಹಿಂದೊಮ್ಮೆ ಬರೆದಿದ್ದೀರಿ. ಹಾಗಾದರೆ ಅವರ ಹೆಸರುಗಳಿಗೆ ಬೆಲೆಯಿಲ್ಲವೇ? ಪರದೇಶದ ಪುಸ್ತಕವೇ ಪ್ರಮಾಣವೇ? (ಓದುಗರು, ಮುಲುಂಡ್)

ಉತ್ತರ: ನಿಮ್ಮ ಅಜ್ಜನ ಹೆಸರುಗಳಿಗೆ ಬೆಲೆ ಖಂಡಿತ ಇದೆ, ಮತ್ತು ನನ್ನ ಮಾತಿನಿಂದ ಬೇರೆ ಅರ್ಥ ಬಂದಿದ್ದರೆ ತಿದ್ದಿಕೊಳ್ಳುತ್ತೇನೆ. ಪಾಶ್ಚಾತ್ಯ ಪುಸ್ತಕಗಳು ತಳಿಯೊಳಗಿನ ಬಣ್ಣದ ಬಗೆಗಳಿಗೆ ಬೇರೆ ಹೆಸರುಗಳನ್ನು ಕೊಡುತ್ತವೆ. ಬೊಳ್ಳೆ, ಕಕ್ಕೆ ಎನ್ನುವವು ಅದೇ ಕೆಲಸ ಮಾಡುವ ಹೆಸರುಗಳು. ಅಸೀಲ್ ಕೋಳಿಯಲ್ಲಿಯೂ ಹಾಗೆಯೇ: ಬಂಗಾರಗೆಂಪಿನದಕ್ಕೆ ಪೀಲಾ, ಕಪ್ಪು ಕೆಂಪಿನದಕ್ಕೆ ಯಾಕೂಬ್, ಬಿಳಿಯದಕ್ಕೆ ನೂರಿ, ಕಪ್ಪಿನದಕ್ಕೆ ಕಾಗರ್. ತಳಿಯ ಹೆಸರು ಅಸೀಲ್. ಬಣ್ಣದ ಹೆಸರು ಅದರ ಒಳಗಿನದು. ಅಸೀಲ್ ಎಂಬ ಅರಬ್ಬಿ ಮಾತಿಗೆ ಕುಲೀನ, ಶುದ್ಧ ಎಂದರ್ಥ, ನಾವು ದಿನವೂ ಆಡುವ ‘ಅಸಲಿ’, ‘ಅಸಲು’ ಎಂಬ ಮಾತುಗಳು ಅದೇ ಬೇರಿನವು. ಬ್ರಿಟಿಷ್ ಪುಸ್ತಕ ಇದರ ಹೆಸರನ್ನು ಒಂದು ರೀತಿ, ಅಮೆರಿಕದ ಪುಸ್ತಕ ಇನ್ನೊಂದು ರೀತಿ ಬರೆಯುತ್ತದೆ, ಆದರೆ ಹಕ್ಕಿಯೂ ಹೆಸರೂ ನಮ್ಮ ಕಡೆಯವೇ, ಮತ್ತು ಅಲ್ಲಿಯವರು ಮಾನದಂಡ ಬರೆದದ್ದು ಇಲ್ಲಿಂದ ಹೋದ ಹಕ್ಕಿಗಳನ್ನು ನೋಡಿ.

ಪರದೇಶದ ತಳಿಗೆ ಪರದೇಶದ ಪುಸ್ತಕವೇ ಪ್ರಮಾಣ. ಸೆಬ್ರೈಟ್‌ಗೆ ನಾವು ಹೊಸ ನಿಯಮ ಬರೆಯಲಾಗದು. ನಮ್ಮ ತಳಿಗಳಿಗೆ ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ ನೋಂದಣಿಯಿದೆ. ಆಂಧ್ರ ಮತ್ತು ಕರ್ನಾಟಕದ ಘಾಗಸ್, ಗುಜರಾತ್ ಮತ್ತು ಮಹಾರಾಷ್ಟ್ರದ ಬುಸ್ರಾ, ಅಸೀಲ್, ಕಡಕನಾಥ್ ಎಲ್ಲವೂ ಅಲ್ಲಿ ದಾಖಲಾಗಿವೆ. ಅಲ್ಲಿಗೆ ಬೇಕಾಗುವುದು ಹೆಸರು ಮಾತ್ರವಲ್ಲ. ಹಕ್ಕಿಯ ನೆಲೆ, ಮೈಕಟ್ಟು, ಅಳತೆ, ಮರಿಗಳು ತಂದೆ ತಾಯಿಯನ್ನೇ ಹೋಲುತ್ತವೆ ಎಂಬುದಕ್ಕೆ ದಾಖಲೆ. ಊರಿನ ಹಿರಿಯರಲ್ಲಿ ಹೆಸರು ಉಳಿದಿದೆ, ವಿವರ ಬರೆದಿಟ್ಟವರು ಕಡಿಮೆ. ನನಗೆ ಚಿಂತೆಯಿರುವುದು ಇದರ ಬಗ್ಗೆಯೇ. ಕೋಳಿ ಅಂಕವನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿದೆ, ಆ ಕಾದಾಟವನ್ನು ನಾನೂ ಒಪ್ಪುವವನಲ್ಲ. ಆದರೆ ಅದರ ಜತೆಗೆ ಬೆಳೆದ ಬೊಳ್ಳೆ, ಕಕ್ಕೆಯಂಥ ಹೆಸರುಗಳನ್ನು ಕಳೆದುಕೊಳ್ಳಬೇಕಾಗಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಅಜ್ಜ ಬಳಸುತ್ತಿದ್ದ ಹೆಸರುಗಳನ್ನು ನೆನಪಿದ್ದಷ್ಟು ಬರೆಯಿರಿ, ಮತ್ತು ಪ್ರತಿ ಹೆಸರಿನ ಮುಂದೆ ಕುತ್ತಿಗೆ, ಎದೆ, ರೆಕ್ಕೆ, ಬಾಲಗಳ ಬಣ್ಣ, ಕಾಲಿನ ಮತ್ತು ಕಣ್ಣಿನ ಬಣ್ಣ, ಜುಟ್ಟಿನ ಆಕಾರವನ್ನು ಸೇರಿಸಿ. ಮುಂಬಯಿ, ಪುಣೆ, ಗೋವಾಗಳಲ್ಲಿರುವ ಬೇರೆ ಓದುಗರೂ ತಮ್ಮ ಊರಿನ ಹೆಸರುಗಳನ್ನು ಇದೇ ರೀತಿ ಕಳುಹಿಸಿದರೆ, ಒಂದೇ ಹಕ್ಕಿಗೆ ತುಳುವಿನಲ್ಲಿ, ಕನ್ನಡದಲ್ಲಿ, ಕೊಂಕಣಿಯಲ್ಲಿ ಯಾವ ಹೆಸರಿದೆ ಎಂಬುದನ್ನು ಅಕ್ಕಪಕ್ಕ ಇಟ್ಟು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.